ಟಿಕೆಟ್ ಸಾಂಬ್ರಾಕ್ಕೆ, ಇಳಿದದ್ದು ಹುಬ್ಬಳ್ಳಿಯಲ್ಲಿ: ಈ ಎರಡು ಏರ್‌ಪೋರ್ಟ್ ನಡುವೆ ನಿಜಕ್ಕೂ ಎಷ್ಟು ಹೊತ್ತಿನ ದಾರಿ?

ಬೈಲಹೊಂಗಲದವ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಏರ್‌ಪೋರ್ಟ್‌ನಿಂದ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟ್‌ಗೆ ರಸ್ತೆ ಮೇಲೆ ಎಷ್ಟು ಹೊತ್ತು ಬೇಕು ಅಂತ ಓಡಾಡಿದವರು ಹೇಳಿ. ಮ್ಯಾಪ್ ತೆಗೆದರೆ ಎರಡು ಗಂಟೆ ಒಳಗೇ ತೋರಿಸುತ್ತದೆ. ಹೋದ ವಾರ ನಮ್ಮ ಅಪ್ಪ ಅವ್ವ ಹುಬ್ಬಳ್ಳಿಯಲ್ಲಿ ವಿಮಾನ ಇಳಿದ ಹೊತ್ತಿನಿಂದ ಮನೆ ಸೇರುವುದಕ್ಕೆ ಐದು ಗಂಟೆ ಹಿಡಿಯಿತು.

ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಊರು ಬೈಲಹೊಂಗಲದ ಹತ್ತಿರ ಒಂದು ಹಳ್ಳಿ. ಅಪ್ಪನಿಗೆ ಈಗ 72. ಸಕ್ಕರೆ ಕಾಯಿಲೆ ಇದೆ, ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ಆಗಿದೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದು ಡಾಕ್ಟರಿಗೆ ತೋರಿಸಬೇಕು. ಮೊದಲು ರಾತ್ರಿ ಬಸ್ಸಲ್ಲಿ ಬರುತ್ತಿದ್ದರು. ಕಾಲು ಊದಿಕೊಂಡು ಇಳಿಯುತ್ತಿದ್ದರು, ನೋಡೋಕೆ ಆಗುತ್ತಿರಲಿಲ್ಲ. ಅದಕ್ಕೇ ಈಚೆಗೆ ವಿಮಾನದಲ್ಲಿ ಕರೆಸಿಕೊಳ್ಳುತ್ತೇನೆ. ನಮ್ಮೂರಿಂದ ಸಾಂಬ್ರಾ ಒಂದು ಗಂಟೆ ಒಳಗೆ. ತಮ್ಮ ಕಾರಲ್ಲಿ ಬಿಟ್ಟು ಬರುತ್ತಾನೆ, ಕರೆದುಕೊಂಡು ಬರುತ್ತಾನೆ. ಇಲ್ಲಿವರೆಗೆ ಎಲ್ಲ ಸರಿಯಾಗಿತ್ತು.

ಹೋದ ವಾರ ವಾಪಸ್ ಹೋಗುವಾಗ ಸಂಜೆ ಐದೂ ನಲವತ್ತಕ್ಕೆ ಸಾಂಬ್ರಾದಲ್ಲಿ ಇಳಿಯಬೇಕಿತ್ತು. ತಮ್ಮ ಐದಕ್ಕೇ ಹೋಗಿ ನಿಂತಿದ್ದ. ಜುಲೈ ಮಳೆ, ನಿಮಗೆ ಗೊತ್ತಲ್ವಾ, ಜೋರೂ ಇಲ್ಲ, ಬಿಡುವುದೂ ಇಲ್ಲ. ವಿಮಾನದ ಸದ್ದು ಮೋಡದ ಮೇಲೆ ಎರಡು ಸಲ ಕೇಳಿಸಿತು ಅಂತಾನೆ ಅವನು. ಇಳಿಯಲೇ ಇಲ್ಲ. ಆರೂವರೆಗೆ ಹುಬ್ಬಳ್ಳಿಯಲ್ಲಿ ಇಳಿಯಿತು. ಮಳೆ ಬಿಟ್ಟರೆ ಮತ್ತೆ ಬೆಳಗಾವಿಗೆ ಹೋಗುತ್ತೇವೆ ಅಂತ ಎಲ್ಲರನ್ನೂ ಒಳಗೇ ಕೂರಿಸಿದರು. ಮುಕ್ಕಾಲು ಗಂಟೆ ಆದಮೇಲೆ ಇನ್ನು ಹೋಗುವುದಿಲ್ಲ, ಇಳಿಯಿರಿ, ಬಸ್ ಮಾಡಿಸುತ್ತೇವೆ ಅಂದರು. ತಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಅವನ ಮುಂದಿನ ಬೋರ್ಡಲ್ಲಿ ತಡ ಅಂತ ಮಾತ್ರ ಬರುತ್ತಿತ್ತು. ಏಳೂ ಕಾಲಕ್ಕೆ ಅವ್ವ ಫೋನ್ ಮಾಡಿ, ನಾವು ಹುಬ್ಬಳ್ಳಿಯಾಗ ಅದೀವಿ ಅಂದಾಗಲೇ ಅವನು ಗಾಡಿ ತಿರುಗಿಸಿದ್ದು.

ಅಪ್ಪ ರಾತ್ರಿ ಎಂಟಕ್ಕೆ ಊಟ ಮಾಡಿ ಗುಳಿಗೆ ತಗೋಬೇಕು. ಗುಳಿಗೆ ಇದ್ದದ್ದು ಲಗೇಜಿಗೆ ಹಾಕಿದ ಬ್ಯಾಗಲ್ಲಿ. ಆ ಬ್ಯಾಗ್ ಬೆಲ್ಟ್ ಮೇಲೆ ಬಂದಾಗ ಎಂಟೂವರೆ. ಅವ್ವನ ಹತ್ತಿರ ಎರಡು ಚಪಾತಿ ಉಳಿದಿದ್ದವು, ಅದನ್ನೇ ಸ್ಟೀಲ್ ಡಬ್ಬಿಯಿಂದ ತೆಗೆದು ಅಲ್ಲೇ ಕುರ್ಚಿ ಮೇಲೆ ಕೂತು ತಿನ್ನಿಸಿದಳು. ಹೇಳಿದ ಬಸ್ ಒಂಬತ್ತೂವರೆ ಆದರೂ ಬಂದಿರಲಿಲ್ಲ. ತಮ್ಮ ಮುಟ್ಟಿದ್ದು ಒಂಬತ್ತೂ ಮುಕ್ಕಾಲಿಗೆ. ಮನೆ ಸೇರಿದ್ದು ಹನ್ನೊಂದೂವರೆಗೆ.

ಅಕ್ಟೋಬರ್‌ನಲ್ಲಿ ಮತ್ತೆ ಬರಬೇಕು. ಇನ್ನು ಮುಂದೆ ಹುಬ್ಬಳ್ಳಿಗೇ ಟಿಕೆಟ್ ಮಾಡಲೋ, ಸಾಂಬ್ರಾನೇ ಇರಲೋ? ಹೀಗೆ ಪದೇ ಪದೇ ಆಗುತ್ತದಾ? ಎರಡು ಏರ್‌ಪೋರ್ಟ್ ನಡುವೆ ಬಸ್ಸಿನ ವ್ಯವಸ್ಥೆ ಏನಿದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಗೋಕುಲ ರೋಡ್ ನಿವಾಸಿ:
ಮೊದಲು ಅಪ್ಪ ಹೇಗಿದ್ದಾರೆ ಹೇಳಿ. ಎಂಟರ ಗುಳಿಗೆ ವಿಷಯ ಓದಿ ಕಸಿವಿಸಿ ಆಯಿತು.

ನಾನು ಇರುವುದು ಏರ್‌ಪೋರ್ಟ್‌ನಿಂದ ಎರಡು ಕಿಲೋಮೀಟರ್ ಒಳಗೆ. ಕೆಲಸದ ಮೇಲೆ ವಾರಕ್ಕೆರಡು ಸಲ ಬೆಳಗಾವಿಗೆ ಹೋಗಿ ಬರುತ್ತೇನೆ. ಇಲ್ಲಿಂದ ಸಾಂಬ್ರಾ ಸುಮಾರು 95ರಿಂದ 100 ಕಿಲೋಮೀಟರ್, ಯಾವ ಕಡೆಯಿಂದ ಹೋಗುತ್ತೀರಿ ಅನ್ನುವುದರ ಮೇಲೆ. ದಾರಿಯನ್ನು ಮೂರು ತುಂಡು ಮಾಡಿ ನೋಡಿ. ಒಂದು, ಇಲ್ಲಿಂದ ಧಾರವಾಡ ದಾಟಿ ನರೇಂದ್ರ ಕ್ರಾಸ್‌ವರೆಗೆ. ಎರಡು, ಅಲ್ಲಿಂದ ತೇಗೂರು, ಕಿತ್ತೂರು, ಎಂ.ಕೆ. ಹುಬ್ಬಳ್ಳಿ, ಹಿರೇಬಾಗೇವಾಡಿ ಮೇಲೆ ಬೆಳಗಾವಿ ಅಂಚಿನವರೆಗೆ. ಮೂರು, ಹೈವೇ ಬಿಟ್ಟು ಬಾಗಲಕೋಟೆ ರೋಡ್ ಹಿಡಿದು ಸಾಂಬ್ರಾಕ್ಕೆ.

ನಡುವಿನ ತುಂಡು ಚೆನ್ನಾಗಿದೆ. ಅಗಲ ರಸ್ತೆ, ನಡುವೆ ಡಿವೈಡರ್ ಇದೆ. ಒಂದು ಗಂಟೆ ಸಾಕು. ಹೊತ್ತು ತಿನ್ನುವುದು ಎರಡೂ ತುದಿಗಳು. ಹುಬ್ಬಳ್ಳಿ-ಧಾರವಾಡ ಬೈಪಾಸ್ ಬಗ್ಗೆ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಪುಣೆ-ಬೆಂಗಳೂರು ಹೈವೇ ಪೂರ್ತಿ ಅಗಲ ಆದಮೇಲೂ ಇದೊಂದು 30 ಕಿಲೋಮೀಟರ್ ಎರಡೇ ಲೇನ್ ಉಳಿದುಕೊಂಡಿತ್ತು. ನಡುವೆ ಡಿವೈಡರ್ ಇರಲಿಲ್ಲ, ಎದುರು ಲಾರಿ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿ ಇಟಿಗಟ್ಟಿ ಹತ್ತಿರ ಟಿಪ್ಪರಿಗೆ ಗುದ್ದಿದ್ದು ಇದೇ ರಸ್ತೆಯಲ್ಲಿ. ಅದಾದಮೇಲೇ ಆರು ಲೇನ್ ಮಾಡುವ ಮಾತು ಜೋರಾಗಿದ್ದು. ನಾನಂತೂ ಮಳೆಗಾಲದ ರಾತ್ರಿ ಬೈಪಾಸ್ ಹಿಡಿಯುವುದಿಲ್ಲ. ಊರೊಳಗಿಂದ ನವನಗರ, ಧಾರವಾಡ ಮೇಲೆ ಹೋಗುತ್ತೇನೆ. ಇಪ್ಪತ್ತು ನಿಮಿಷ ಜಾಸ್ತಿ ಆಗುತ್ತದೆ, ಆಗಲಿ.

ಹಾಗಾಗಿ ಹಗಲು, ಒಣ ರಸ್ತೆ ಇದ್ದರೆ ಎರಡು ಗಂಟೆ. ಮಳೆಯಲ್ಲಿ, ಕತ್ತಲಲ್ಲಿ ಎರಡೂವರೆ ಇಟ್ಟುಕೊಳ್ಳಿ. ನಿಮ್ಮ ತಮ್ಮ ಏಳೂ ಕಾಲಕ್ಕೆ ಬಿಟ್ಟು ಒಂಬತ್ತೂ ಮುಕ್ಕಾಲಿಗೆ ಮುಟ್ಟಿದ್ದಾನೆ ಅಂದರೆ ಸರಿಯಾಗಿಯೇ ಓಡಿಸಿದ್ದಾನೆ. ಅವನಿಗೆ ಏನೂ ಅನ್ನಬೇಡಿ.

ನೀಲಿ ಆಕಾಶ:
ನಾನು ವಿಮಾನಯಾನದ ಕೆಲಸದಲ್ಲಿ ಇದ್ದವನು, ಈಗ ನಿವೃತ್ತಿ. ಯಾವ ಕಂಪನಿ, ಯಾವ ವಿಮಾನ ಅಂತ ಕೇಳುವುದಿಲ್ಲ. ಆದರೆ ಆ ಸಂಜೆ ಮೇಲೆ ಏನಾಗಿರಬಹುದು ಅಂತ ಹೇಳಬಲ್ಲೆ.

ಈ ಎರಡು ಏರ್‌ಪೋರ್ಟ್ ನಡುವೆ ನೇರ ಗೆರೆ ಎಳೆದರೆ 74 ಕಿಲೋಮೀಟರ್ ಬರುತ್ತದೆ. ಬೆಂಗಳೂರಿಂದ ಹುಬ್ಬಳ್ಳಿಗೆ ನೇರ ಗೆರೆ ಸುಮಾರು 370. ಬೆಂಗಳೂರಿಂದ ಬೆಳಗಾವಿಗೆ ಸುಮಾರು 444. ಕೂಡಿಸಿ ನೋಡಿ. ಅಂದರೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಹೆಚ್ಚುಕಮ್ಮಿ ಒಂದೇ ಗೆರೆ ಮೇಲಿವೆ. ಬೆಳಗಾವಿಗೆ ಹೋಗುವ ವಿಮಾನ ನೇರ ಹೋದರೆ ಹುಬ್ಬಳ್ಳಿ ತಲೆ ಮೇಲೇ ದಾಟಿ ಹೋಗಬೇಕು. ಹುಬ್ಬಳ್ಳಿಯಿಂದ ಬೆಳಗಾವಿ ಮೇಲೆ ಬರೋಕೆ ಅದಕ್ಕೆ ಹತ್ತು ನಿಮಿಷ ಸಾಕು. ಪೈಲಟ್ ಲೆಕ್ಕದಲ್ಲಿ ಇವೆರಡೂ ಅಕ್ಕಪಕ್ಕದ ಮನೆ ಇದ್ದ ಹಾಗೆ. ಕೆಳಗೆ ಇಳಿದು ನಿಂತವರಿಗೆ ಮಾತ್ರ ಅದು ಎರಡೂವರೆ ಗಂಟೆ.

ಇನ್ನು ಯಾಕೆ ಇಳಿಯಲಿಲ್ಲ ಅನ್ನುವುದು. ಪ್ರತಿ ರನ್‌ವೇಗೂ ಒಂದು ಎತ್ತರ ಗೊತ್ತು ಮಾಡಿರುತ್ತಾರೆ. ಅಷ್ಟು ಕೆಳಗೆ ಬಂದಾಗ ರನ್‌ವೇ, ಇಲ್ಲಾ ಅದರ ದೀಪಗಳು ಪೈಲಟ್‌ಗೆ ಕಣ್ಣಾರೆ ಕಾಣಬೇಕು. ಕಾಣದಿದ್ದರೆ ಮೇಲಕ್ಕೆ ಹೋಗಲೇಬೇಕು. ಅಲ್ಲಿ ಅವರ ಇಷ್ಟ ಅಂತ ಏನೂ ಇಲ್ಲ. ಸಾಂಬ್ರಾ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಘಟ್ಟಕ್ಕೆ ಹತ್ತಿರ. ಖಾನಾಪುರ, ಜಾಂಬೋಟಿ ಕಡೆಯಿಂದ ಬರುವ ಮೋಡ ಜುಲೈ, ಆಗಸ್ಟ್‌ನಲ್ಲಿ ನೆಲಕ್ಕೇ ತಾಗಿದ ಹಾಗೆ ಇರುತ್ತದೆ. ಹುಬ್ಬಳ್ಳಿ ಅದಕ್ಕಿಂತ ತಗ್ಗು, ಘಟ್ಟದಿಂದ ಇನ್ನಷ್ಟು ಪೂರ್ವಕ್ಕೆ, ಬಯಲುಸೀಮೆ ಶುರುವಾಗುವ ಜಾಗ. ಅಲ್ಲಿ ಮಳೆ ಕಮ್ಮಿ. ಒಂದೇ ಸಂಜೆ ಒಂದು ಕಡೆ ಮುಸುಕು, ಇನ್ನೊಂದು ಕಡೆ ರನ್‌ವೇ ಪೂರ್ತಿ ಕಾಣುತ್ತಿರುತ್ತದೆ.

ನಿಮ್ಮ ತಮ್ಮ ಎರಡು ಸಲ ಸದ್ದು ಕೇಳಿದ್ದು ಅಂದರೆ ಪೈಲಟ್ ಎರಡು ಸಲ ಪ್ರಯತ್ನ ಮಾಡಿರಬೇಕು. ಹೊರಡುವಾಗಲೇ ಬೆಳಗಾವಿಗೆ ಬೇಕಾದಷ್ಟು ಇಂಧನ, ಅಲ್ಲಿ ಆಗದಿದ್ದರೆ ಬದಲಿ ಏರ್‌ಪೋರ್ಟ್‌ಗೆ ಹೋಗುವಷ್ಟು, ಅದರ ಮೇಲೆ ಇನ್ನೂ ಅರ್ಧ ಗಂಟೆ ಹಾರುವಷ್ಟು ತುಂಬಿಸಿಕೊಂಡಿರುತ್ತಾರೆ. ಆ ಲೆಕ್ಕ ಮುಟ್ಟುವ ಮೊದಲೇ ಬೇರೆ ಕಡೆ ತಿರುಗಬೇಕು. ಅವರು ಸರಿಯಾದದ್ದನ್ನೇ ಮಾಡಿದ್ದಾರೆ, ನಿಮ್ಮ ಅಪ್ಪ ಅವ್ವನ ಜೀವಕ್ಕೆ ಅದೇ ಒಳ್ಳೆಯದು.

ತಪ್ಪು ಆಗಿದ್ದು ನೆಲದ ಮೇಲೆ. ಇಳಿದವರಿಗೂ ಸಾಂಬ್ರಾದಲ್ಲಿ ಕಾಯುತ್ತಿದ್ದವರಿಗೂ ಮೊದಲ ಐದು ನಿಮಿಷದಲ್ಲೇ ವಿಷಯ ಹೇಳಬೇಕಿತ್ತು. ಬಸ್ ಬರುತ್ತದೆ ಅಂತ ಹೇಳಿ ಎರಡು ಗಂಟೆ ಕೂರಿಸುವುದು ಬಹಳ ಬೇಜಾರಿನ ಸಂಗತಿ. ಟಿಕೆಟ್ ಬೆಳಗಾವಿವರೆಗೆ ತಗೊಂಡಿದ್ದೀರಿ, ಅಲ್ಲಿವರೆಗೆ ಮುಟ್ಟಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಕಾರಿನ ಪೆಟ್ರೋಲ್ ಖರ್ಚು, ಸಮಯ ಎಲ್ಲ ಬರೆದು ಕಂಪನಿಗೆ ಮೇಲ್ ಹಾಕಿ. ಬೋರ್ಡಿಂಗ್ ಪಾಸ್ ಫೋಟೋ ಇಟ್ಟುಕೊಳ್ಳಿ.

ಬೈಲಹೊಂಗಲದವ:
ಅಪ್ಪ ಆರಾಮಾಗಿದ್ದಾರೆ, ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ದಿನ ಸುಸ್ತು ಅಂತ ಮಲಗಿದ್ದರು, ಈಗ ಹೊಲದ ಕಡೆ ಹೋಗಿ ಬರುತ್ತಿದ್ದಾರೆ.

ನೀಲಿ ಆಕಾಶ ಸರ್, ನೀವು ಹೇಳಿದ ಲೆಕ್ಕ ಓದಿ ಸುಮ್ನೆ ಕೂತುಬಿಟ್ಟೆ. ಅವರು ಹುಬ್ಬಳ್ಳಿ ದಾಟಿ ಬೆಳಗಾವಿ ಮೇಲೆ ಬಂದು, ಮತ್ತೆ ಹಿಂದಕ್ಕೆ ಹೋಗಿದ್ದಾರೆ. ನಮ್ಮೂರು ಆ ಗೆರೆಯಿಂದ ದೂರವೇನಿಲ್ಲ. ಅಂದರೆ ಮನೆ ಹತ್ತಿರದಿಂದಲೇ ಎರಡು ಸಲ ಹಾದುಹೋಗಿದ್ದಾರೆ ಅಂತಾಯಿತು. ಪೈಲಟ್ ಬಗ್ಗೆ ನನಗೆ ಯಾವ ದೂರೂ ಇಲ್ಲ. ಮೇಲ್ ಹಾಕುತ್ತೇನೆ.

ಸಪ್ತಾಪುರದಾಕೆ:
ನಾನು ಧಾರವಾಡದವಳು. ನಮಗೆ ಈ ಪ್ರಶ್ನೆಯೇ ಇಲ್ಲ, ಹುಬ್ಬಳ್ಳಿಯೇ ಹತ್ತಿರ. ಆದರೆ ಒಂದು ಮಾತು ಹೇಳಬೇಕು. ಹತ್ತಿರ ಅಂದರೂ ಅಲ್ಲಿಂದ ಹೊರಗೆ ಬರುವ ವ್ಯವಸ್ಥೆ ಸರಿ ಇಲ್ಲ. ನಮ್ಮಲ್ಲಿ ಚಿಗರಿ ಬಸ್ ಇದೆ, ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ದಾರಿಯಲ್ಲಿ ಓಡುತ್ತದೆ. ಅಷ್ಟು ಒಳ್ಳೆ ಬಸ್ ಇದ್ದೂ ಅದು ಏರ್‌ಪೋರ್ಟ್ ಮುಟ್ಟುವುದಿಲ್ಲ. ಗೋಕುಲ ರೋಡಿಂದ ಆಟೋ ಹಿಡಿದು ಹೊಸೂರು ಕಡೆ ಬಂದು ಹತ್ತಬೇಕು. ಕೈಯಲ್ಲಿ ಬ್ಯಾಗ್ ಇದ್ದವರಿಗೆ, ವಯಸ್ಸಾದವರಿಗೆ ಆಗುತ್ತದಾ ಅದು?

ಬೆಳಗಾವಿಗೆ ಹೋಗುವವರು ಗೋಕುಲ ರೋಡಿನ ಹೊಸ ಬಸ್ ಸ್ಟ್ಯಾಂಡಿಗೆ ಆಟೋ ಮಾಡಿ. ಏರ್‌ಪೋರ್ಟಿಂದ ಅದೇ ರಸ್ತೆ, ಜಾಸ್ತಿ ದೂರ ಇಲ್ಲ. ವಾಯವ್ಯ ಸಾರಿಗೆಯ ಬೆಳಗಾವಿ ಬಸ್ಸು ಹಗಲೆಲ್ಲ ಸಿಗುತ್ತವೆ. ನಡುವೆ ನಿಲ್ಲದ ಬಸ್ ಕೇಳಿ ಹತ್ತಿ. ನಿಮ್ಮ ಅವ್ವನಂಥವರಿಗೆ ಸಾಮಾನ್ಯ ಬಸ್, ಎಕ್ಸ್‌ಪ್ರೆಸ್ ಬಸ್ಸಲ್ಲಿ ಶಕ್ತಿ ಯೋಜನೆ ಇದೆ, ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಇದ್ದರಾಯಿತು.

ನನ್ನ ಮಗಳು ದುಬೈನಲ್ಲಿದ್ದಾಳೆ. ಹುಬ್ಬಳ್ಳಿ, ಬೆಳಗಾವಿ ಎರಡರಿಂದಲೂ ಹೊರದೇಶಕ್ಕೆ ವಿಮಾನ ಇಲ್ಲ. ಗೋವಾ ಮೋಪಾಕ್ಕೆ ಬಂದರೆ ಟಿಕೆಟ್ ಕಮ್ಮಿ ಅಂತ ಒಂದು ಸಲ ಹಾಗೇ ಬಂದಳು. ನಾವು ಚೋರ್ಲಾ ಘಟ್ಟದ ಮೇಲೆ ಹೋಗಿ ಕರೆದುಕೊಂಡು ಬಂದೆವು. ಮಳೆ, ಮಂಜು, ಒಂದೊಂದು ತಿರುವಲ್ಲೂ ಲಾರಿ. ಹೋಗಿ ಬಂದು ಇಡೀ ದಿನ ಹೋಯಿತು. ಉಳಿದ ದುಡ್ಡು ಕಾರಿಗೇ ಆಯಿತು. ಈಗ ಬೆಂಗಳೂರಿಗೆ ಬಂದು ಅಲ್ಲಿಂದ ಹುಬ್ಬಳ್ಳಿ ವಿಮಾನ ಹತ್ತು ಅಂತ ಹೇಳುತ್ತೇನೆ.

ಸಾಂಬ್ರಾ ಟ್ಯಾಕ್ಸಿ:
ನಾನು ಸಾಂಬ್ರಾ ಏರ್‌ಪೋರ್ಟಲ್ಲಿ ಟ್ಯಾಕ್ಸಿ ಓಡಿಸುತ್ತೇನೆ, ಹನ್ನೊಂದು ವರ್ಷ ಆಯಿತು. ವಿಮಾನ ಹುಬ್ಬಳ್ಳಿಗೆ ತಿರುಗುವುದು ವರ್ಷವಿಡೀ ಇರುವುದಲ್ಲ ರೀ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಆಗಾಗ. ಚಳಿಗಾಲದ ಬೆಳಿಗ್ಗೆ ಮಂಜಿದ್ದರೆ ತಡ ಆಗುತ್ತದೆ, ಬಿಸಿಲು ಬಂದಮೇಲೆ ಇಳಿಯುತ್ತದೆ. ನೀವು ಅಕ್ಟೋಬರ್ ಅಂದಿರಿ, ಅಷ್ಟೊತ್ತಿಗೆ ಆಕಾಶ ಬಿಚ್ಚಿಕೊಂಡಿರುತ್ತದೆ. ಸಾಂಬ್ರಾಕ್ಕೇ ಮಾಡಿ.

ವಿಮಾನ ತಿರುಗಿತು ಅಂತ ನಮಗೆ ಹೇಗೆ ಗೊತ್ತಾಗುತ್ತದೆ ಹೇಳುತ್ತೇನೆ. ಬೋರ್ಡ್ ನೋಡುತ್ತಾ ಕೂತರೆ ಆಗಲ್ಲ. ಫೋನಲ್ಲಿ ಫ್ಲೈಟ್‌ರಾಡಾರ್24 ಹಾಕಿಕೊಂಡಿದ್ದೇವೆ ಎಲ್ಲ ಡ್ರೈವರುಗಳೂ. ಅದರಲ್ಲಿ ವಿಮಾನದ ಸಣ್ಣ ಹಳದಿ ಗುರುತು ಕಾಣುತ್ತದೆ. ಧಾರವಾಡ ದಾಟಿ ಸೀದಾ ಬಂತು ಅಂದರೆ ಇಳಿಯುತ್ತದೆ. ನಮ್ಮ ತಲೆ ಮೇಲೆ ದುಂಡಗೆ ಸುತ್ತು ಹೊಡೆಯೋಕೆ ಶುರು ಮಾಡಿತು ಅಂದರೆ ಹುಷಾರಾಗುತ್ತೇವೆ. ಮೂತಿ ಹುಬ್ಬಳ್ಳಿ ಕಡೆ ತಿರುಗಿತೋ, ಅಲ್ಲಿನ ಡ್ರೈವರ್ ಗೆಳೆಯರಿಗೆ ಫೋನ್ ಹಾಕುತ್ತೇವೆ. ಬುಕಿಂಗ್ ಇದ್ದವರ ಹೆಸರು ಹೇಳಿ, ನೀವೇ ಕರೆದುಕೊಂಡು ಬನ್ನಿ ಅಂತ. ಇಲ್ಲಿಂದ ಖಾಲಿ ಗಾಡಿ ಓಡಿಸಿದರೆ ಹೋಗಿ ಬರೋಕೆ 200 ಕಿಲೋಮೀಟರ್. ಅದು ಪ್ಯಾಸೆಂಜರಿಗೂ ಹೊರೆ, ನಮಗೂ ಹೊರೆ.

ನಿಮ್ಮ ತಮ್ಮ ಅವತ್ತು ಅಲ್ಲೇ ಯಾರಾದರೂ ಟ್ಯಾಕ್ಸಿಯವರನ್ನು ಕೇಳಿದ್ದರೆ ಒಂದು ಗಂಟೆ ಮೊದಲೇ ಗೊತ್ತಾಗುತ್ತಿತ್ತು. ಮುಂದಿನ ಸಲ ಬಂದಾಗ ನಮ್ಮ ಸ್ಟ್ಯಾಂಡಿಗೆ ಬಂದು ಚಹಾ ಕುಡಿಯಲಿ.

ಲೋಂಡಾ ಲೈನ್:
ಯಾರೂ ರೈಲಿನ ಹೆಸರೇ ಎತ್ತಲಿಲ್ಲ. ಎತ್ತಿದರೂ ಈ ಎರಡು ಏರ್‌ಪೋರ್ಟ್ ನಡುವೆ ಅದು ಉಪಯೋಗಕ್ಕೆ ಬರುವುದಿಲ್ಲ ಅನ್ನುವುದು ನಿಜ. ಯಾಕೆ ಅಂದರೆ ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋಗುವ ರೈಲು ಧಾರವಾಡ, ಅಳ್ನಾವರ, ಲೋಂಡಾ, ಖಾನಾಪುರ ಸುತ್ತಿ ಹೋಗುತ್ತದೆ. ಕಾಡು ಹೊಕ್ಕು ಪಶ್ಚಿಮಕ್ಕೆ ಹೋಗಿ, ಲೋಂಡಾದಲ್ಲಿ ಉತ್ತರಕ್ಕೆ ತಿರುಗುವ ದಾರಿ. ನೇರ ಗೆರೆ 74 ಇರುವಲ್ಲಿ ರೈಲು ಅದರ ಹೆಚ್ಚುಕಮ್ಮಿ ಎರಡರಷ್ಟು ಓಡುತ್ತದೆ. ಧಾರವಾಡ-ಕಿತ್ತೂರು-ಬೆಳಗಾವಿ ಹೊಸ ಲೈನ್, 73 ಕಿಲೋಮೀಟರ್‌ನದು, ಮಂಜೂರಾಗಿ ವರ್ಷಗಳೇ ಆದವು. ಭೂಮಿ ಕೊಡುವ ವಿಷಯದಲ್ಲೇ ಎಳೆದಾಡಿತು. ಅದು ಆದರೆ ಧಾರವಾಡದಿಂದ ಬೆಳಗಾವಿ ಒಂದು ಗಂಟೆಯ ದಾರಿ. ಕಿತ್ತೂರಿನಂಥ ಊರಿಗೆ ಮೊದಲ ಸಲ ರೈಲು ಬರುತ್ತದೆ. ನಾನು ಸಾಯುವುದರೊಳಗೆ ಅದರಲ್ಲಿ ಕೂರಬೇಕು ಅಂತ ಆಸೆ.

ಬೆಂಗಳೂರಿಗೆ ಹೋಗುವ ಮಾತಾದರೆ 2025ರ ಆಗಸ್ಟ್‌ನಿಂದ ಬೆಳಗಾವಿಗೂ ವಂದೇ ಭಾರತ್ ಇದೆ. ಬೆಳಿಗ್ಗೆ ಐದೂವರೆ ಒಳಗೆ ಬೆಳಗಾವಿ ಬಿಟ್ಟು ಮಧ್ಯಾಹ್ನ ಎರಡರ ಒಳಗೆ ಬೆಂಗಳೂರು. ಧಾರವಾಡದಲ್ಲೂ ನಿಲ್ಲುತ್ತದೆ. ನಿಮ್ಮ ಅಪ್ಪ ಕೂತು ಬರೋಕೆ ಆಗುತ್ತದೆ ಅಂದರೆ ಯೋಚನೆ ಮಾಡಿ. ಎದ್ದು ಓಡಾಡಬಹುದು, ಊಟ ಸೀಟಿಗೇ ಬರುತ್ತದೆ, ಗುಳಿಗೆ ಬ್ಯಾಗ್ ತಲೆ ಮೇಲೇ ಇರುತ್ತದೆ. ಮೋಡ ಬಂತು ಅಂತ ರೈಲು ಬೇರೆ ಊರಿಗೆ ಹೋಗುವುದಿಲ್ಲ.

ಕಿತ್ತೂರು ನಾಡಿನವ:
ಇಷ್ಟೆಲ್ಲ ಓದಿದಮೇಲೆ ನಾನು ಬಹಳ ವರ್ಷದಿಂದ ಹೇಳುತ್ತಿರುವುದನ್ನೇ ಹೇಳುತ್ತೇನೆ. 74 ಕಿಲೋಮೀಟರ್ ಅಂತರದಲ್ಲಿ ಎರಡು ಸಣ್ಣ ಏರ್‌ಪೋರ್ಟ್ ಯಾಕೆ ಬೇಕು? ನಡುವೆ ಕಿತ್ತೂರು ಹತ್ತಿರ ಒಂದೇ ದೊಡ್ಡದು ಮಾಡಿದ್ದರೆ ಎರಡೂ ಊರಿಗೆ ಐವತ್ತು ಕಿಲೋಮೀಟರ್ ಆಸುಪಾಸು. ದೊಡ್ಡ ವಿಮಾನ ಬರುತ್ತಿತ್ತು, ಹೊರದೇಶಕ್ಕೂ ಹೋಗಬಹುದಿತ್ತು. ಈಗ ಒಂದು ಕಡೆ ಹೈದರಾಬಾದಿಗೆ ವಿಮಾನ ಶುರುವಾದರೆ ಇನ್ನೊಂದು ಕಡೆಯವರು ನಮಗೂ ಬೇಕು ಅಂತ ಮನವಿ ಕೊಡುತ್ತಾರೆ. ಇರುವ ಪ್ಯಾಸೆಂಜರು ಎರಡು ಕಡೆ ಹಂಚಿಹೋಗುತ್ತಾರೆ. ಆಮೇಲೆ ಸೀಟು ತುಂಬಲಿಲ್ಲ ಅಂತ ಎರಡೂ ಕಡೆ ನಿಲ್ಲಿಸುತ್ತಾರೆ.

ಸಾಂಬ್ರಾ ಟ್ಯಾಕ್ಸಿ:
ಅಣ್ಣಾ, ಸಾಂಬ್ರಾ ನಿನ್ನೆ ಮೊನ್ನೆಯದಲ್ಲ. 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ್ದು. ಈಗಲೂ ಪಕ್ಕದಲ್ಲೇ ನಮ್ಮ ವಾಯುಪಡೆಯ ಟ್ರೇನಿಂಗ್ ಕೇಂದ್ರ ಇದೆ. ಯಾರೋ ನಡುವೆ ಕಟ್ಟಬೇಕಿತ್ತು ಅಂದರೆ ಅದನ್ನು ಎತ್ತಿ ಇಡೋಕೆ ಆಗುತ್ತಾ?

ಗೋಕುಲ ರೋಡ್ ನಿವಾಸಿ:
ನನಗೂ ಕಿತ್ತೂರಿನ ಮಾತು ಒಪ್ಪಿಗೆ ಇಲ್ಲ. ಹೊಸ ಏರ್‌ಪೋರ್ಟ್ ಅಂದರೆ ನೂರಾರು ಎಕರೆ. ಕಿತ್ತೂರು, ತೇಗೂರು ಸುತ್ತ ಇರುವುದು ಬೆಳೆಯುವ ಭೂಮಿ. ಆ ರೈಲು ಲೈನಿಗೆ ಒಂದು ಪಟ್ಟಿ ಭೂಮಿ ಸಿಗೋಕೇ ಎಷ್ಟು ವರ್ಷ ಆಯಿತು ಅಂತ ಮೇಲಿನವರು ಬರೆದಿದ್ದಾರಲ್ಲ. ಇಷ್ಟು ಕಟ್ಟಿ ಆದಮೇಲೆ, 2017ರಲ್ಲಿ ಎರಡೂ ಕಡೆ ಹೊಸ ಟರ್ಮಿನಲ್ ಆದಮೇಲೆ, ಮೂರನೆಯದು ಯಾಕೆ? ಹುಬ್ಬಳ್ಳಿಯಲ್ಲಿ ಇನ್ನೂ ದೊಡ್ಡ ಟರ್ಮಿನಲ್‌ಗೆ 2024ರಲ್ಲಿ ಅಡಿಗಲ್ಲು ಬೇರೆ ಆಗಿದೆ.

ನೀಲಿ ಆಕಾಶ:
ಕಿತ್ತೂರಿನವರ ಮಾತಲ್ಲಿ ಒಂದು ಸತ್ಯ ಇದೆ, ಅದನ್ನು ತಳ್ಳಿಹಾಕಬೇಡಿ. ಕೇಂದ್ರದ 2008ರ ನೀತಿ ಪ್ರಕಾರ ಈಗಿರುವ ಏರ್‌ಪೋರ್ಟ್‌ನಿಂದ 150 ಕಿಲೋಮೀಟರ್ ಒಳಗೆ ಹೊಸದು ಬೇಕು ಅಂದರೆ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಹತ್ತಿರ ಹತ್ತಿರ ಎರಡಿದ್ದರೆ ಒಂದು ಇನ್ನೊಂದರ ಪ್ಯಾಸೆಂಜರನ್ನು ತಿನ್ನುತ್ತದೆ ಅನ್ನುವ ಭಯವೇ ಅದಕ್ಕೆ ಕಾರಣ. ಹುಬ್ಬಳ್ಳಿ, ಬೆಳಗಾವಿ ಎರಡೂ ಅದಕ್ಕೆ ಮೊದಲೇ ಇದ್ದವು, ಹಾಗಾಗಿ ಆ ಮಾತು ಬರಲಿಲ್ಲ.

ತಿನ್ನುವುದು ಹೇಗೆ ಅಂತ 2018ರಲ್ಲಿ ನೋಡಿದ್ದೇವೆ. ಉಡಾನ್ ಯೋಜನೆಯಲ್ಲಿ ಹುಬ್ಬಳ್ಳಿ ಮೊದಲು ಬಂತು. ಆ ಯೋಜನೆಯಲ್ಲಿ ಆಗ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಒಂದಿಷ್ಟು ಸೀಟುಗಳ ದರ 2,500 ರೂಪಾಯಿ ಆಸುಪಾಸಿಗೆ ಕಟ್ಟಿಹಾಕುತ್ತಿದ್ದರು, ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತಿತ್ತು. ಒಂದು ಕಡೆ ಹೀಗೆ ದುಡ್ಡು ಸಿಗುತ್ತದೆ, 74 ಕಿಲೋಮೀಟರ್ ಆಚೆ ಸಿಗುವುದಿಲ್ಲ. ಕಂಪನಿ ಏನು ಮಾಡುತ್ತದೆ? ಬೆಳಗಾವಿಯಿಂದ ಹಾರುತ್ತಿದ್ದ ವಿಮಾನಗಳು ಹುಬ್ಬಳ್ಳಿಗೆ ಹೋದವು. ಬೆಳಗಾವಿಯವರು ಎಷ್ಟು ಕಷ್ಟಪಟ್ಟರು ಅಂತ ನೆನಪಿದೆ. 2019ರಲ್ಲಿ ಮೂರನೇ ಸುತ್ತಿನ ಉಡಾನ್‌ನಲ್ಲಿ ಬೆಳಗಾವಿ ಸೇರಿತು, ಮತ್ತೆ ಚೇತರಿಸಿಕೊಂಡಿತು.

ಆದರೆ ನನ್ನ ಅಭಿಪ್ರಾಯ ಬೇರೆ. ಎರಡೂ ಇರಲಿ. ಒಂದಕ್ಕೆ ಮೋಡ ಬಂದಾಗ ಇನ್ನೊಂದು ಹತ್ತು ನಿಮಿಷದ ದೂರದಲ್ಲಿ ಇರುವುದು ದೊಡ್ಡ ಭಾಗ್ಯ. ಹಾಗೆ ಇಲ್ಲದಿದ್ದರೆ ನಿಮ್ಮ ಅಪ್ಪ ಅವ್ವ ಅವತ್ತು ಬೆಂಗಳೂರಿಗೇ ವಾಪಸ್ ಹೋಗಬೇಕಿತ್ತು. ಆಗಬೇಕಾದ್ದು ಇಷ್ಟೇ. ವಿಮಾನ ಒಂದರಿಂದ ಇನ್ನೊಂದಕ್ಕೆ ತಿರುಗಿದ ದಿನ ಒಂದು ಬಸ್ ತಯಾರಿರಬೇಕು. ಎರಡೂ ಏರ್‌ಪೋರ್ಟ್ ಒಂದೇ ಪ್ರಾಧಿಕಾರದವು. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ಅದೂ ಗೋಕುಲ ರೋಡಲ್ಲೇ. ಮಳೆಗಾಲದ ನಾಲ್ಕು ತಿಂಗಳು ಫೋನ್ ಮಾಡಿದರೆ ಬರುವ ಒಂದು ಬಸ್ ಇಡುವುದು ಅಸಾಧ್ಯದ ಮಾತೇ?

ಸಪ್ತಾಪುರದಾಕೆ:
ಇದು ಸರಿಯಾದ ಮಾತು. ಇದನ್ನೇ ಒಂದು ಮನವಿ ಮಾಡಿ ಬರೆಯಿರಿ, ನಾನು ಸಹಿ ಹಾಕುತ್ತೇನೆ. ನಮ್ಮ ಓಣಿಯಲ್ಲೇ ಇಪ್ಪತ್ತು ಸಹಿ ಸಿಗುತ್ತವೆ.

ಕಿತ್ತೂರು ನಾಡಿನವ:
ಬಸ್ಸಿನ ಮಾತಿಗೆ ನಾನೂ ಬರುತ್ತೇನೆ. ಏರ್‌ಪೋರ್ಟ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಬೈಲಹೊಂಗಲದ ಅಣ್ಣಾ, ನಿಮಗೆ ಒಂದು ಉಪಾಯ ಹೇಳಲಾ? ಮಳೆಗಾಲದಲ್ಲಿ ತಮ್ಮನನ್ನು ಸಾಂಬ್ರಾಕ್ಕೂ ಕಳಿಸಬೇಡಿ, ಹುಬ್ಬಳ್ಳಿಗೂ ಕಳಿಸಬೇಡಿ. ನಮ್ಮೂರಿಗೆ ಕಳಿಸಿ. ಬೈಲಹೊಂಗಲದಿಂದ ಕಿತ್ತೂರು ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಹೈವೇ ಪಕ್ಕ ಚಹಾ ಅಂಗಡಿಯಲ್ಲಿ ಕೂತು ಫೋನಲ್ಲಿ ವಿಮಾನ ನೋಡಲಿ. ಬೆಳಗಾವಿಯಲ್ಲಿ ಇಳಿಯಿತು ಅಂದರೆ ಎಡಕ್ಕೆ, ಹುಬ್ಬಳ್ಳಿಯಲ್ಲಿ ಇಳಿಯಿತು ಅಂದರೆ ಬಲಕ್ಕೆ. ಯಾವ ಕಡೆ ಹೋದರೂ ಒಂದು ಗಂಟೆ, ಒಂದೂ ಕಾಲು ಗಂಟೆ. ಲಗೇಜ್ ಬರೋಕೇ ಅರ್ಧ ಗಂಟೆ ಬೇಕಲ್ಲ, ಕಾಯುವುದು ಬರೀ ಮುಕ್ಕಾಲು ಗಂಟೆ.

ಬೈಲಹೊಂಗಲದವ:
ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ತಮ್ಮನಿಗೆ ಈಗಲೇ ಕಳಿಸುತ್ತೇನೆ. ಮನವಿ ನಾನು ಬರೆಯುತ್ತೇನೆ, ಗೋಕುಲ ರೋಡ್ ಅಣ್ಣಾ, ನೀವು ಒಮ್ಮೆ ಓದಿ ತಿದ್ದಿಕೊಡಿ.

ಗೋಕುಲ ರೋಡ್ ನಿವಾಸಿ:
ಕಳಿಸಿ. ನಾನೇ ಕೈಯಾರೆ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡು ಬರುತ್ತೇನೆ.

ಬೈಲಹೊಂಗಲದವ:
ಎಲ್ಲರಿಗೂ ಮತ್ತೆ ನಮಸ್ಕಾರ. ಮೂರು ತಿಂಗಳು ಆದಮೇಲೆ ಬರೆಯುತ್ತಿದ್ದೇನೆ, ಏನಾಯಿತು ಅಂತ ಹೇಳಬೇಕಲ್ವಾ.

ಕಂಪನಿಯವರು ಮೇಲ್‌ಗೆ ಉತ್ತರ ಕೊಟ್ಟರು, ಎರಡನೇ ಸಲ ಬರೆದ ಮೇಲೆ. ಕಾರಿನ ಖರ್ಚು ಕೊಡಲಿಲ್ಲ, ಕ್ಷಮೆ ಕೇಳಿದರು. ಮನವಿ ಎರಡೂ ಏರ್‌ಪೋರ್ಟ್‌ಗೆ, ಸಾರಿಗೆ ಕಚೇರಿಗೆ ಮುಟ್ಟಿದೆ. 114 ಸಹಿ ಆದವು, ಅದರಲ್ಲಿ ಸಪ್ತಾಪುರದ ಅಕ್ಕನವರದೇ 31. ಸ್ವೀಕೃತಿ ಪತ್ರಗಳು ನನ್ನ ಹತ್ತಿರ ಇವೆ. ಬಸ್ ಇನ್ನೂ ಬಂದಿಲ್ಲ. ಮುಂದಿನ ಜೂನ್ ಒಳಗೆ ಮತ್ತೊಮ್ಮೆ ಹೋಗಿ ಕೇಳುತ್ತೇವೆ.

ಹೋದ ಶನಿವಾರ ಅಪ್ಪ ಅವ್ವ ವಾಪಸ್ ಹೋದರು. ಬರುವಾಗ ಧಾರವಾಡದಿಂದ ವಂದೇ ಭಾರತ್‌ನಲ್ಲಿ ಬಂದಿದ್ದರು. ಅಪ್ಪನಿಗೆ ಹಿಡಿಸಿತು, ಆದರೆ ನಸುಕಿಗೇ ಮನೆ ಬಿಡುವುದು ಅವ್ವನಿಗೆ ಕಷ್ಟ ಆಯಿತು. ಅದಕ್ಕೆ ಹೋಗುವಾಗ ಸಾಂಬ್ರಾಕ್ಕೇ ಟಿಕೆಟ್ ಮಾಡಿದೆ. ಗುಳಿಗೆ ಡಬ್ಬಿ ಈ ಸಲ ಅವ್ವನ ಕೈಚೀಲದಲ್ಲಿ. ಅವತ್ತು ಮಧ್ಯಾಹ್ನ ಇದ್ದಕ್ಕಿದ್ದಂತೆ ಹಿಂಗಾರಿ ಮಳೆ ಕಟ್ಟಿತು, ಗುಡುಗು ಬೇರೆ. ತಮ್ಮ ಯೋಚನೆ ಮಾಡದೆ ಕಿತ್ತೂರಿಗೆ ಹೋಗಿ ಕೂತ. ನಾನು ಇಲ್ಲಿ ಆಫೀಸಲ್ಲಿ, ಅವನು ಅಲ್ಲಿ ಚಹಾ ಅಂಗಡಿಯಲ್ಲಿ, ಇಬ್ಬರೂ ಅದೇ ಹಳದಿ ಗುರುತು ನೋಡುತ್ತಿದ್ದೆವು. ಹುಬ್ಬಳ್ಳಿ ದಾಟಿತು. ಧಾರವಾಡ ದಾಟಿತು. ಸಾಂಬ್ರಾ ಹತ್ತಿರ ಒಂದು ಸುತ್ತು ಹೊಡೆಯಿತು. ಅಷ್ಟರಲ್ಲಿ ತಮ್ಮ ಗಾಡಿ ಸ್ಟಾರ್ಟ್ ಮಾಡಿ, ಅಣ್ಣಾ ಎಡಕ್ಕೋ ಬಲಕ್ಕೋ ಅಂತ ಫೋನಲ್ಲಿ ಕೇಳುತ್ತಿದ್ದ. ಎರಡನೇ ಸುತ್ತಿಗೆ ಇಳಿಯಿತು. ಎಡಕ್ಕೆ ಅಂದೆ.

ಅಪ್ಪ ಏಳೂವರೆಗೆ ಮನೆಯಲ್ಲಿ ರೊಟ್ಟಿ ತಿಂದರು. ತಮ್ಮ ಸ್ವಲ್ಪ ತಡವಾಗಿ ಹೋಗಿದ್ದಕ್ಕೆ ಅಲ್ಲಿವರೆಗೆ ಟ್ಯಾಕ್ಸಿ ಅಣ್ಣನೇ ಅವರಿಬ್ಬರನ್ನೂ ಸ್ಟ್ಯಾಂಡಲ್ಲಿ ಕೂರಿಸಿ ಚಹಾ ಕೊಡಿಸಿದ್ದಾರೆ, ಸಕ್ಕರೆ ಇಲ್ಲದ್ದು ಅಂತ ನೆನಪಿಟ್ಟು ಹೇಳಿ ಮಾಡಿಸಿದ್ದಾರೆ. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲವಂತೆ.

ಸಾಂಬ್ರಾ ಟ್ಯಾಕ್ಸಿ:
ಕಾಕಾ ಜನವರಿಯಲ್ಲಿ ಮತ್ತೆ ಬರುತ್ತೇನೆ ಅಂದಿದ್ದಾರೆ. ಬೆಳಗಿನ ವಿಮಾನ ಮಾಡಬೇಡಿ, ಮಂಜು ಇರುತ್ತದೆ. ಮಧ್ಯಾಹ್ನದ್ದು ನೋಡಿ.